ಚೌಕಾಸಿ ಮಾಡಿ ತಂದ ಗಡಿಗೆ

ಬೆಂಗಳೂರಿನ ಕೆಫೆಗಳಿಗೆಲ್ಲ ಮಚ್ಚಾ ಬಂತಲ್ಲ, ಆ ಹುಚ್ಚಿನಲ್ಲಿ ನಾನೂ ಆನ್‌ಲೈನ್‌ನಲ್ಲಿ ಜಪಾನಿ ಮಾದರಿಯ ಚಹಾ ಬಟ್ಟಲೊಂದನ್ನು ತರಿಸಿಕೊಂಡೆ. 1,800 ರೂಪಾಯಿ. ಒಂದು ಕ್ಷಣವೂ ಯೋಚಿಸಲಿಲ್ಲ. ಅದೇ ತಿಂಗಳು ಊರಿಗೆ ಹೋದಾಗ, ಹೊನ್ನಾವರದ ಸಂತೆಯಲ್ಲಿ ಮೀನು ಸಾರಿಗೆಂದು ಮಣ್ಣಿನ ಗಡಿಗೆ ಕೊಳ್ಳುವಾಗ ಮಾತ್ರ 20 ರೂಪಾಯಿಗಾಗಿ ಹತ್ತು ನಿಮಿಷ ಜಗ್ಗಾಡಿದೆ. "ಮಣ್ಣು ಪುಕ್ಕಟೆ ಸಿಗ್ತದ್ಯನೇ ತಂಗಿ?" ಅಂದ್ರು ಗಡಿಗೆ ಮಾರುವ ಅಜ್ಜಿ. ಕೊನೆಗೆ ನಾನು ಹೇಳಿದ ಬೆಲೆಗೇ ಕೊಟ್ರು.

ಆ ಮಾತು ಚುಚ್ಚಿದ್ದು, ವಾಪಸ್ ಬಂದು ನನ್ನ ಬಟ್ಟಲಿನ ಮೂಲ ಹುಡುಕಿ ಓದಿದಾಗ. 16ನೇ ಶತಮಾನದಲ್ಲಿ ಚಹಾ ಗುರು ಸೆನ್ ನೊ ರಿಕ್ಯುಗಾಗಿ ಕ್ಯೋಟೊದ ಚೋಜಿರೊ ರಾಕು ಬಟ್ಟಲು ಮಾಡಿದ. ತಿಗರಿ ಇಲ್ಲ, ಕೈಯಲ್ಲೇ ತಿದ್ದುವುದು. ಆ ಮನೆತನದ 16ನೇ ತಲೆಮಾರು ಈಗಲೂ ಅದೇ ಕೆಲಸದಲ್ಲಿದೆ. ಸರಿ, ಅವರು ಹೆಸರಾಂತ ಕುಂಬಾರರು. ಆದರೆ ಜಪಾನ್ ರಾಷ್ಟ್ರೀಯ ಸಂಪತ್ತೆಂದು ಕಾಪಾಡಿಕೊಂಡಿರುವ 'ಕಿಜಾಎಮೊನ್' ಬಟ್ಟಲನ್ನು ಮಾಡಿದ್ದು ಕೊರಿಯಾದ ಯಾರೋ ಒಬ್ಬ ಕುಂಬಾರ. 1931ರಲ್ಲಿ ಕ್ಯೋಟೊದಲ್ಲಿ ಅದನ್ನು ಕಣ್ಣಾರೆ ಕಂಡ ಯಾನಗಿ ಸೋಎತ್ಸು, ಇದು ಬಡವರು ದಿನಾ ಉಣ್ಣುತ್ತಿದ್ದ ಬಟ್ಟಲು ಅಂತಲೇ ಬರೆದರು. ಆಕಾರ ಸ್ವಲ್ಪ ಸೊಟ್ಟ, ಹೊಳಪಿನ ಲೇಪದ ತುಂಬ ಸಣ್ಣ ಬಿರುಕು. ಕಿಜಾಎಮೊನ್ ಅನ್ನೋದು ಅದನ್ನು ಇಟ್ಟುಕೊಂಡಿದ್ದ ಒಸಾಕಾದ ವ್ಯಾಪಾರಿಯ ಹೆಸರು. ಮಾಡಿದವನ ಹೆಸರು ಯಾರೂ ಬರೆದಿಡಲಿಲ್ಲ.

ನಾನೂ ಅಜ್ಜಿಯ ಹೆಸರು ಕೇಳಿರಲಿಲ್ಲ.

ನಮ್ಮ ಜಿಲ್ಲೆಯ ಕರಾವಳಿಯಲ್ಲಿ ಮಡಕೆ ಮಾಡುವ ಗುನಗರು ಎಷ್ಟೋ ಊರುಗಳಲ್ಲಿ ಗ್ರಾಮದೇವರ ಪೂಜಾರಿಗಳೂ ಹೌದು. ಗಡಿಗೆ ತಿಗರಿಯಿಂದ ಇಳಿದರೆ ಕೆಲಸ ಮುಗಿಯೋದಿಲ್ಲ. ಒಳಗೆ ಕಲ್ಲು ಒತ್ತಿ ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ತಳ ದುಂಡಗೆ, ಗೋಡೆ ತೆಳ್ಳಗೆ ಮಾಡಬೇಕು. ಒಣಗಿಸಿ ಸುಡಬೇಕು. ಸುಡುವಾಗ ಒಡೆದದ್ದಕ್ಕೆ ಯಾರೂ ದುಡ್ಡು ಕೊಡೋದಿಲ್ಲ. ಇದೆಲ್ಲ ಗೊತ್ತಿದ್ದೂ 20 ರೂಪಾಯಿಗೆ ಜಗ್ಗಾಡಿದ್ದೆ.

ಬಟ್ಟಲು ಶೋಕೇಸಿನಲ್ಲಿದೆ, ಮಚ್ಚಾದ ಕಹಿ ನನಗೆ ಹಿಡಿಸಲೇ ಇಲ್ಲ. ಗಡಿಗೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ಗಂಜಿ ನೀರು ಕುದಿಸಿ ಪಳಗಿಸಿದೆ. ಈಗ ಭಾನುವಾರದ ಬಂಗಡೆ ಸಾರು ಅದರಲ್ಲೇ. ಉಪ್ಪು-ಹುಳಿ ಹೀರಿ ತಳ ಕಪ್ಪಾಗ್ತಾ ಬಂದಿದೆ.

ಮುಂದಿನ ಸಲ ಚೌಕಾಸಿ ಮಾಡೋದಿಲ್ಲ ಅಂತ ಅಮ್ಮನಿಗೆ ಫೋನಿನಲ್ಲಿ ಹೇಳಿದೆ.

"ಮಾಡ್ಬೇಡ. ಆದ್ರೆ ಬಡಿದು ಸದ್ದು ಕೇಳ್ದೆ ಮಾತ್ರ ತರ್ಬೇಡ" ಅಂದ್ಲು.