ಕೂಸಿನ ಸಿಟ್ಟು ಕ್ರೋಧವಲ್ಲ

ಜಾತ್ರೆಯ ದಿನಗಳಲ್ಲಿ ದಾಸೋಹದ ಪಂಕ್ತಿಯಲ್ಲಿ ತಪ್ಪದೆ ಕಾಣುವ ನೋಟವೊಂದಿದೆ. ತಾಯಿಯ ತೊಡೆಯ ಮೇಲೆ ಕುಳಿತ ಒಂದೂವರೆ ವರ್ಷದ ಕೂಸು ಸಾರಿನ ಸೌಟಿಗೆ ಕೈ ಚಾಚುತ್ತದೆ. ಬಡಿಸುವವರು ಮುಂದಿನ ಎಲೆಗೆ ಸಾಗುತ್ತಾರೆ. ಮರುಕ್ಷಣವೇ ಕೂಸು ಬೆನ್ನನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸಿ, ನೆಲಕ್ಕೆ ಜಾರಿ, ಕೈಕಾಲು ಬಡಿದು ರಂಪ ಮಾಡತೊಡಗುತ್ತದೆ. ಪಂಕ್ತಿಯ ಕಣ್ಣುಗಳೆಲ್ಲ ತಾಯಿಯತ್ತ ತಿರುಗುತ್ತವೆ. ‘ಅಪ್ಪನ ಸಿಟ್ಟು ಬಂದೈತಿ’ ಎಂದು ಒಬ್ಬರು, ‘ಮುದ್ದು ಹೆಚ್ಚಾಗೇತಿ’ ಎಂದು ಇನ್ನೊಬ್ಬರು, ‘ಮನಿಗಿ ಹೋಗಿ ದೃಷ್ಟಿ ತಗೀವಾ’ ಎಂದು ಮತ್ತೊಬ್ಬರು. ಅಳುವಿಗಿಂತ ಈ ಮಾತುಗಳಿಗೇ ಹೆಚ್ಚು ನೊಂದ ತಾಯಿ ಕೂಸಿನ ಬೆನ್ನಿಗೆ ಒಂದು ಪೆಟ್ಟು ಹಾಕುತ್ತಾಳೆ. ಅಳು ಇಮ್ಮಡಿಯಾಗುತ್ತದೆ.

ಕ್ರೋಧವನ್ನು ಅರಿಷಡ್ವರ್ಗಗಳಲ್ಲಿ ಒಂದಾಗಿ ಎಣಿಸುವ ನಾವು ಕೂಸಿನ ಈ ವರ್ತನೆಯನ್ನೂ ಅದೇ ಹೆಸರಿನಿಂದ ಕರೆದುಬಿಡುತ್ತೇವೆ. ಇಲ್ಲಿಯೇ ತಪ್ಪು ಮೊದಲಾಗುತ್ತದೆ. ಕ್ರೋಧ ಹುಟ್ಟಬೇಕಾದರೆ ‘ಇವರು ನನಗೆ ಅನ್ಯಾಯ ಮಾಡಿದರು, ಇವರಿಗೆ ತಿರುಗಿ ನೋವಾಗಬೇಕು’ ಎಂಬ ಎಣಿಕೆ ಬೇಕು. ಎಂಟು ತಿಂಗಳ ಅಥವಾ ಹದಿನೆಂಟು ತಿಂಗಳ ಶಿಶುವಿನಲ್ಲಿ ಅಂತಹ ಎಣಿಕೆಗೆ ಬೇಕಾದ ಮನಸ್ಸಿನ ಸಲಕರಣೆ ಇನ್ನೂ ಸಿದ್ಧವಾಗಿರುವುದಿಲ್ಲ. ಅದಕ್ಕಿರುವುದು ಬೇಕೆಂಬ ಬಯಕೆ, ಕೈಗೆಟುಕದ ಸಂಕಟ, ಆ ಸಂಕಟವನ್ನು ಹೇಳಲು ಬಾರದ ಬಾಯಿ. ಈ ಮೂರೂ ಕೂಡಿದಾಗ ಹೊರಬರುವುದನ್ನು ನಾವು ಹಠವೆನ್ನುತ್ತೇವೆ, ರಚ್ಚೆಯೆನ್ನುತ್ತೇವೆ.

ಶಿಶುವಿನ ಬೆಳವಣಿಗೆಯ ಕ್ರಮವನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ನಾಲ್ಕು ತಿಂಗಳ ಕೂಸಿನ ಕೈಯೊಳಗಿನ ಗಿಲಕಿಯನ್ನು ತೆಗೆದು ಸೆರಗಿನಡಿ ಬಚ್ಚಿಟ್ಟರೆ ಅದು ಮರೆತುಬಿಡುತ್ತದೆ. ಎಂಟು ಒಂಬತ್ತು ತಿಂಗಳಿಗೆ ಬಂದ ಕೂಸು ಮರೆಯುವುದಿಲ್ಲ. ಕಣ್ಣಿಗೆ ಕಾಣದಿದ್ದರೂ ವಸ್ತು ಅಲ್ಲಿಯೇ ಇದೆ ಎಂಬ ಅರಿವು ಅದಕ್ಕೆ ಮೂಡತೊಡಗಿರುತ್ತದೆ. ಬುದ್ಧಿ ಬೆಳೆದುದರಿಂದಲೇ ಸಿಟ್ಟೂ ಬಂದಿತು! ಅಂಬೆಗಾಲಿಕ್ಕಿ ಹೊಸ್ತಿಲವರೆಗೆ ಹೋದ ಕೂಸನ್ನು ಎತ್ತಿ ಹಿಂದಕ್ಕೆ ತಂದು ಕೂರಿಸಿದಾಗ ಅದು ಕಿರುಚುವುದಕ್ಕೂ ಇದೇ ಕಾರಣ. ಮಾತಿನ ವಿಷಯದಲ್ಲಂತೂ ಅಂತರ ಇನ್ನೂ ದೊಡ್ಡದು. ಒಂದೂವರೆ ವರ್ಷದ ಮಗು ಮನೆಯವರಾಡುವ ಮಾತುಗಳಲ್ಲಿ ಎಷ್ಟನ್ನೋ ಗ್ರಹಿಸುತ್ತದೆ. ಆಡಬಲ್ಲುದು ಕೆಲವೇ ಪದಗಳನ್ನು. ಅರಿಯದ ಊರಿನಲ್ಲಿ ಭಾಷೆ ಬಾರದೆ ಹಸಿದು ನಿಂತ ದೊಡ್ಡವರಿಗೂ ಸಿಡುಕು ಬರುವುದುಂಟು. ಇನ್ನು ಆವೇಶವನ್ನು ತಡೆಹಿಡಿಯುವ ಮಿದುಳಿನ ಮುಂಭಾಗವಾದರೋ ಪೂರ್ಣವಾಗಿ ಪಕ್ವವಾಗುವುದು ಇಪ್ಪತ್ತರ ಹರೆಯವೂ ಸಾಕಷ್ಟು ಕಳೆದ ಮೇಲೆ. ಎರಡು ವರ್ಷ ತುಂಬದ ಮಗುವಿಗೆ ‘ಸ್ವಲ್ಪ ತಾಳು’ ಎಂದು ಹೇಳುವುದು, ಇನ್ನೂ ಹಲ್ಲು ಹುಟ್ಟದವರಿಗೆ ಕಬ್ಬು ಕೊಟ್ಟಂತೆ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ಲಾರೆನ್ಸ್ ಗುಡೆನಫ್ ಅವರು 45 ಮಕ್ಕಳ ತಾಯಂದಿರಿಂದ ಸಿಟ್ಟಿನ ಪ್ರಸಂಗಗಳ ದಿನಚರಿ ಬರೆಸಿ, 1931ರಲ್ಲಿ ಅದನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಎರಡನೆಯ ವರ್ಷದಲ್ಲಿ ಸಿಟ್ಟು ಶಿಖರಕ್ಕೇರಿ ಅನಂತರ ಇಳಿಯುತ್ತದೆ ಎಂಬುದು ಅವರು ಕಂಡ ಒಂದು ಸಂಗತಿ. ಊಟಕ್ಕೆ ಮುಂಚಿನ ಹೊತ್ತಿನಲ್ಲಿ ಪ್ರಸಂಗಗಳು ಹೆಚ್ಚುತ್ತವೆ ಎಂಬುದು ಇನ್ನೊಂದು. ಇಷ್ಟು ವರ್ಷಗಳ ಮೇಲೂ ಈ ಎರಡನೆಯ ಸಂಗತಿಯನ್ನು ಮನೆಮನೆಯಲ್ಲೂ ಪರೀಕ್ಷಿಸಿ ನೋಡಬಹುದು. ಒಂದು ವಾರದ ಮಟ್ಟಿಗೆ, ಕೂಸು ರಚ್ಚೆ ಹಿಡಿದ ಗಂಟೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕಿರಿ. ಬಹುಪಾಲು ಗುರುತುಗಳು ಹಸಿವಿನ ಹೊತ್ತಿಗೋ, ತಪ್ಪಿಹೋದ ನಿದ್ದೆಯ ಹೊತ್ತಿಗೋ, ಬಂಧುಬಳಗ ಬಂದು ಕೈಯಿಂದ ಕೈಗೆ ಎತ್ತಾಡಿದ ಸಂಜೆಗೋ ಸೇರಿರುತ್ತವೆ. ನಾಲ್ಕರಿಂದ ಹನ್ನೊಂದು ತಿಂಗಳ ಕೂಸಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 12ರಿಂದ 16 ಗಂಟೆ, ಒಂದರಿಂದ ಎರಡು ವರ್ಷದ ಮಗುವಿಗೆ 11ರಿಂದ 14 ಗಂಟೆ ನಿದ್ದೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮದುವೆ, ಜವಳ, ಜಾತ್ರೆಗಳ ಕಾಲದಲ್ಲಿ ಇದರ ಅರ್ಧವೂ ದೊರೆಯದ ಕೂಸು ಅತ್ತರೆ ಅದಕ್ಕೆ ದೃಷ್ಟಿ ತಗುಲಿದೆಯೆಂದು ಮೆಣಸಿನಕಾಯಿ ಸುಡುವುದಕ್ಕಿಂತ, ಕತ್ತಲೆಯ ಕೋಣೆಯಲ್ಲಿ ಮಲಗಿಸುವುದು ಲೇಸು.

ಮಾತಿನ ಅಂತರವನ್ನು ತುಂಬಲು ನಮ್ಮ ಹಿರಿಯರು ಒಂದು ಸೊಗಸಾದ ಉಪಾಯವನ್ನು ಕಂಡುಕೊಂಡಿದ್ದರು. ಅನ್ನಕ್ಕೆ ‘ಬುವ್ವ’, ನಿದ್ದೆಗೆ ‘ಜೋಜೋ’, ಹೊಲಸಿಗೆ ‘ಇಸ್ಸಿ’ ಎಂಬ ಕೂಸಿನ ಭಾಷೆಯನ್ನು ನಾವು ಬರಿಯ ಮುದ್ದೆಂದು ತಿಳಿದಿದ್ದೇವೆ. ಅದು ಮುದ್ದಷ್ಟೇ ಅಲ್ಲ. ಎಳೆಯ ತುಟಿ ಸುಲಭವಾಗಿ ಆಡಬಲ್ಲ ಈ ಪದಗಳು ಬಂದ ದಿನದಿಂದ ಮಗು ಅಳದೆಯೇ ಕೇಳಬಲ್ಲುದು. ಪದಗಳಿಗೂ ಮೊದಲು ಸನ್ನೆಗಳು ಬರುತ್ತವೆ: ಬೇಕೆನ್ನಲು ಬೊಟ್ಟು ಮಾಡುವುದು, ಸಾಕೆನ್ನಲು ಎರಡೂ ಅಂಗೈ ತಿರುಗಿಸಿ ತೋರಿಸುವುದು, ಎತ್ತಿಕೊ ಎನ್ನಲು ತೋಳು ಚಾಚುವುದು. ಪ್ರತಿ ತುತ್ತಿಗೂ ‘ಬೇಕಾ? ಸಾಕಾ?’ ಎಂದು ಸನ್ನೆಯೊಡನೆ ಕೇಳುತ್ತ ಬಂದರೆ ಕೆಲವೇ ವಾರಗಳಲ್ಲಿ ಕೂಸು ಉತ್ತರ ಕೊಡಲು ಕಲಿಯುತ್ತದೆ. ಸಾಕೆಂದು ಅದು ಅಂಗೈ ತಿರುಗಿಸಿದ ಮೇಲೂ ಬಾಯಿಗೆ ತುರುಕಿದರೆ ಕಲಿತದ್ದು ವ್ಯರ್ಥವಾಗಿ, ಬಟ್ಟಲು ನೆಲಕ್ಕೆ ಬೀಳುತ್ತದೆ.

ಇನ್ನು ರಂಪ ನಡೆದಿರುವ ಗಳಿಗೆಯ ಮಾತು. ಆಗ ಉಪದೇಶ ಕೆಲಸಕ್ಕೆ ಬಾರದು. ಅಳುವಿನ ಅಬ್ಬರದಲ್ಲಿ ಮಗು ನಮ್ಮ ಮಾತನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರುವುದಿಲ್ಲ. ಕೇಳಿಸುವುದು ದನಿಯ ಏರಿಳಿತ, ಕಾಣುವುದು ಮುಖದ ಭಾವ, ತಾಗುವುದು ಕೈಯ ಬಿಗಿ ಅಥವಾ ಮೃದುತ್ವ. ಆದ್ದರಿಂದ ನೆಲದ ಮೇಲೆ ಅದರ ಎತ್ತರಕ್ಕೆ ಕುಳಿತು, ಸುತ್ತಲಿನ ಚೂಪು ವಸ್ತುಗಳನ್ನು ಸರಿಸಿ, ತಗ್ಗಿದ ದನಿಯಲ್ಲಿ ಎರಡೇ ಮಾತು ಆಡಬೇಕು: ‘ಸೌಟು ಬೇಕಿತ್ತು. ಸಿಗಲಿಲ್ಲ.’ ಎತ್ತಿಕೊಳ್ಳಲು ಒಪ್ಪಿದರೆ ಎತ್ತಿಕೊಳ್ಳಬೇಕು, ಒಪ್ಪದಿದ್ದರೆ ಹತ್ತಿರವೇ ಕುಳಿತಿರಬೇಕು. ಒಂದೂವರೆ ವರ್ಷದೊಳಗಿನ ಕೂಸಿನ ಗಮನವನ್ನು ಬೇರೆಡೆಗೆ ಸೆಳೆಯುವುದು ಸುಲಭ. ಹಿತ್ತಿಲ ಕರು, ಮಾಡಿನ ಗುಬ್ಬಿ, ಒಂದು ಚೊಂಬು ನೀರು ಸಾಕಾಗುತ್ತದೆ. ಬಿಸಿಸಾರಿನ ಸೌಟನ್ನು ಮಾತ್ರ ಎಷ್ಟು ಅತ್ತರೂ ಕೊಡಬಾರದು. ಮೊದಲು ಇಲ್ಲವೆಂದು, ಹತ್ತು ನಿಮಿಷ ಅಳಿಸಿ, ಅನಂತರ ಕೊಟ್ಟರೆ ಹತ್ತು ನಿಮಿಷ ಅತ್ತರೆ ಸಿಗುತ್ತದೆ ಎಂಬ ಪಾಠವನ್ನು ನಾವೇ ಹೇಳಿಕೊಟ್ಟಂತಾಗುತ್ತದೆ. ಕೊಡಬಹುದಾದ ವಸ್ತುವಾಗಿದ್ದರೆ ಅಳುವ ಮೊದಲೇ ಕೊಟ್ಟುಬಿಡುವುದರಲ್ಲಿ ಸೋಲೇನೂ ಇಲ್ಲ. ‘ಗುಮ್ಮ ಬಂತು’, ‘ಡಾಕ್ಟರ ಕಡೆ ಒಯ್ದು ಸೂಜಿ ಚುಚ್ಚಿಸ್ತೀನಿ’ ಎಂಬ ಬೆದರಿಕೆಗಳು ಅಳುವನ್ನು ನಿಲ್ಲಿಸಿದಂತೆ ತೋರಿದರೂ ಸಂಕಟದ ಮೇಲೆ ಭಯವನ್ನು ಹೇರುತ್ತವೆಯಷ್ಟೆ. ಮುಂದೆ ನಿಜವಾಗಿ ಲಸಿಕೆ ಹಾಕಿಸಲು ಹೋದಾಗ ಅದರ ಫಲವನ್ನು ದಾದಿಯರು ಉಣ್ಣಬೇಕಾಗುತ್ತದೆ.

ಈಚೆಗೆ ಗುಮ್ಮನ ಸ್ಥಾನವನ್ನು ಮೊಬೈಲು ಆಕ್ರಮಿಸಿದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ತೋರಿಸಲೇಬಾರದೆಂಬುದು ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆ. ಆದರೆ ಕೂಸಿನ ಕೈಯ ಮೊಬೈಲಿಗಿಂತ ತಾಯಿತಂದೆಯರ ಕೈಯ ಮೊಬೈಲಿನ ಬಗೆಗೆ ನಮಗೆ ಹೆಚ್ಚಿನ ಚಿಂತೆ. ಎಡ್ವರ್ಡ್ ಟ್ರಾನಿಕ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಕೂಸಿನೊಡನೆ ನಗುತ್ತ ಆಡುತ್ತಿದ್ದ ತಾಯಿ ಕೆಲವು ನಿಮಿಷಗಳ ಕಾಲ ಮುಖದಲ್ಲಿ ಯಾವ ಭಾವವನ್ನೂ ತೋರದೆ ಸುಮ್ಮನೆ ಕುಳಿತಳು. ಕೂಸು ಮೊದಲು ನಕ್ಕು ಕರೆಯಿತು, ಕೈ ಚಾಚಿತು. ಕೊನೆಗೆ ಮುಖ ತಿರುಗಿಸಿ ಕಳೆಗುಂದಿತು. ಪರದೆಯಲ್ಲಿ ಮುಳುಗಿದ ಮುಖವೂ ಕೂಸಿಗೆ ಅಂತಹ ಮುಖವೇ. ನಾವು ರಚ್ಚೆಯೆಂದು ಕರೆಯುವುದರಲ್ಲಿ ಎಷ್ಟೋ ಸಲ ಇರುವುದು ‘ನನ್ನನ್ನು ನೋಡು’ ಎಂಬ ಕೂಗು ಮಾತ್ರ.

ಮೂರು ತಿಂಗಳೊಳಗಿನ ಹಸುಗೂಸಿನ ಅಳು ಇವೆಲ್ಲಕ್ಕಿಂತ ಬೇರೆ. ಅದರಲ್ಲಿ ಬೇಕು ಬೇಡಗಳ ಹಠವಿಲ್ಲ. ಬ್ರೇಝಲ್ಟನ್ ಎಂಬ ಮಕ್ಕಳ ವೈದ್ಯರು 1962ರಲ್ಲಿ 80 ಶಿಶುಗಳ ಅಳುವಿನ ಲೆಕ್ಕವನ್ನು ಪ್ರಕಟಿಸಿದರು. ಆರನೆಯ ವಾರದ ಹೊತ್ತಿಗೆ ಆರೋಗ್ಯವಂತ ಕೂಸುಗಳೂ ದಿನಕ್ಕೆ ಸುಮಾರು ಎರಡೂಮುಕ್ಕಾಲು ಗಂಟೆ ಅಳುತ್ತಿದ್ದವು, ಅದರಲ್ಲಿಯೂ ಸಂಜೆ ಹೆಚ್ಚು; ಬಳಿಕ ಅದು ತಾನಾಗಿ ಇಳಿಯಿತು. ಹಾಲು ಸಾಲದೆಂದು ಬಾಣಂತಿಯನ್ನು ದೂರಿ ಡಬ್ಬಿಯ ಹಾಲು ಮೊದಲುಮಾಡುವುದು ಹೆಚ್ಚಾಗಿ ಈ ಆರನೆಯ ವಾರದಲ್ಲಿಯೇ. ಹೊಟ್ಟೆಯ ಮೇಲೆ ಚುಟಿಗೆ ಹಾಕುವ, ಬರೆ ಎಳೆಯುವ, ನಿದ್ದೆ ಬರಲೆಂದು ಅಫೀಮು ನೆಕ್ಕಿಸುವ ಕ್ರೂರ ರೂಢಿಗಳೂ ಈ ಅಳುವಿನ ಹೆಸರಿನಲ್ಲಿಯೇ ನಡೆದುಬಂದಿವೆ. ಬರೆಯ ಗಾಯ ನಂಜಾಗಿಯೂ, ಅಫೀಮಿನ ಮಂಪರಿನಲ್ಲಿ ಉಸಿರು ನಿಂತೂ ಕೂಸುಗಳು ಸಾಯಬಲ್ಲವು. ಎದೆಗವಚಿಕೊಂಡು ನಡೆದಾಡುವುದು, ತೊಟ್ಟಿಲು ಮೆಲ್ಲಗೆ ತೂಗುವುದು, ಜೋಗುಳ ಹಾಡುವುದು, ತೆಳುಬಟ್ಟೆಯಲ್ಲಿ ಹಗುರವಾಗಿ ಸುತ್ತುವುದು, ಇಷ್ಟೇ ಇದಕ್ಕೆ ಔಷಧ.

ಈ ಔಷಧಗಳೂ ಸೋಲುವ ರಾತ್ರಿಗಳಿವೆ. ಮುನಿಸನ್ನು ಕುರಿತ ಬಸವಣ್ಣನವರ ವಚನವನ್ನು ನಾವೆಲ್ಲ ಬಾಯಿಪಾಠವಾಗಿ ಬಲ್ಲೆವು. ಆದರೆ ಮೂರು ರಾತ್ರಿ ನಿದ್ದೆಗೆಟ್ಟು, ನಸುಕಿನ ಎರಡು ಗಂಟೆಗೆ ಅಳುವ ಕೂಸನ್ನು ಹೊತ್ತು ನಿಂತಾಗ ಅದು ನೆನಪಿಗೆ ಬಾರದು. ಕ್ರೋಧವೆಂಬುದು ಆ ಕೋಣೆಯಲ್ಲಿ ಇದ್ದರೆ ಅದು ದೊಡ್ಡವರಲ್ಲಿ ಇರುತ್ತದೆ. ಆ ಗಳಿಗೆಯಲ್ಲಿ ಕೂಸಿನ ತೋಳು ಅಥವಾ ಎದೆಯನ್ನು ಹಿಡಿದು ‘ಸುಮ್ಮನಿರು’ ಎಂದು ಜೋರಾಗಿ ಅಲುಗಾಡಿಸಿದರೆ ಏನಾಗುತ್ತದೆ ಎಂಬುದನ್ನು ಪ್ರತಿಯೊಬ್ಬ ತಂದೆತಾಯಿಯೂ ತಿಳಿದಿರಬೇಕು. ಶಿಶುವಿನ ತಲೆ ದೇಹಕ್ಕೆ ಹೋಲಿಸಿದರೆ ಬಹಳ ದೊಡ್ಡದು, ಕತ್ತಿನ ಸ್ನಾಯುಗಳು ದುರ್ಬಲ, ಮಿದುಳು ಮೆತ್ತಗಿನದು. ಹಿಂದೆ ಮುಂದೆ ಅಲುಗಾಡಿದಾಗ ಮಿದುಳು ತಲೆಬುರುಡೆಯೊಳಗೆ ಬಡಿದಾಡಿ, ಅದರ ಮೇಲ್ಮೈಯ ಸಣ್ಣ ರಕ್ತನಾಳಗಳು ಹರಿದು ಒಳಗೇ ರಕ್ತ ಸೋರುತ್ತದೆ. ಕಣ್ಣಿನ ಅಕ್ಷಿಪಟಲದಲ್ಲಿಯೂ ರಕ್ತಸ್ರಾವವಾಗುತ್ತದೆ. ಹೊರಗೆ ಒಂದು ಗೀರೂ ಕಾಣದಿರಬಹುದು. ಸಾವು, ಕುರುಡು, ಮೂರ್ಛೆರೋಗ, ಬುದ್ಧಿಮಾಂದ್ಯ ಇವುಗಳಲ್ಲಿ ಯಾವುದಾದರೂ ಬರಬಹುದು. ಅದಕ್ಕೆ ಕೆಲವು ಸೆಕೆಂಡುಗಳು ಸಾಕು. ಹೀಗೆ ಅಲುಗಾಡಿಸಿದವರೆಲ್ಲ ದುಷ್ಟರಲ್ಲ. ಅವರಲ್ಲಿ ಅನೇಕರು ಅದಕ್ಕೂ ಹಿಂದಿನ ಗಳಿಗೆಯವರೆಗೆ ಕೂಸನ್ನು ಮುದ್ದಿಸಿ ಸಾಕಿದವರೇ.

ಆದಕಾರಣ ಕೈ ನಡುಗತೊಡಗಿದೆ, ಹಲ್ಲು ಕಚ್ಚಿಕೊಂಡಿದ್ದೇವೆ ಎಂದು ಅನಿಸಿದ ಕೂಡಲೆ ಕೂಸನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಕೋಣೆಯಿಂದ ಹೊರಗೆ ಬಂದುಬಿಡಬೇಕು. ಐದು ಹತ್ತು ನಿಮಿಷ ಅಂಗಳದಲ್ಲಿ ನಿಂತು, ಮುಖಕ್ಕೆ ನೀರು ಹಾಕಿಕೊಂಡು, ಉಸಿರು ಹದಕ್ಕೆ ಬಂದ ಮೇಲೆ ಒಳಗೆ ಹೋಗಬೇಕು. ಅಷ್ಟು ಹೊತ್ತು ತೊಟ್ಟಿಲಲ್ಲಿ ಅತ್ತ ಮಾತ್ರಕ್ಕೆ ಆರೋಗ್ಯವಾಗಿರುವ ಯಾವ ಕೂಸಿಗೂ ಹಾನಿಯಾಗುವುದಿಲ್ಲ. ಇದನ್ನು ಕಂಡು ‘ಎಂಥಾ ತಾಯಿ ಇವಳು’ ಎನ್ನುವ ಅತ್ತೆಯರಿಗೆ ನಮ್ಮ ವಿನಂತಿ: ಆ ಮಾತನ್ನು ನುಂಗಿಕೊಂಡು ಅರ್ಧ ಗಂಟೆ ಕೂಸನ್ನು ನೀವು ಎತ್ತಿಕೊಳ್ಳಿರಿ. ತಂದೆಯಾದವನಿಗೂ ರಾತ್ರಿಯ ಒಂದು ಪಾಳಿ ಇರಲಿ; ಹೊಲಕ್ಕೆ ನೀರು ಬಿಡಲು ನಡುರಾತ್ರಿ ಏಳುವವನಿಗೆ ಇದು ಅಸಾಧ್ಯವಲ್ಲ. ಹೆರಿಗೆಯಾಗಿ ವಾರಗಳು ಕಳೆದರೂ ಬಾಣಂತಿಗೆ ಅಳು ನಿಲ್ಲದಿದ್ದರೆ, ಕೂಸಿನ ಮೇಲೆ ಮಮತೆಯೇ ಮೂಡದಿದ್ದರೆ, ಬದುಕು ಬೇಡವೆನಿಸಿದರೆ ಅದು ಸೊಕ್ಕಲ್ಲ, ಗಾಳಿ ಸೋಂಕಿದ್ದೂ ಅಲ್ಲ, ಚಿಕಿತ್ಸೆಯುಳ್ಳ ಕಾಯಿಲೆ. 14416 ಸಂಖ್ಯೆಗೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸೇವೆಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ಅತ್ತು ಅತ್ತು ಉಸಿರು ಕಟ್ಟುವ ಮಕ್ಕಳ ಬಗೆಗೆ ಪ್ರತ್ಯೇಕವಾಗಿ ಹೇಳಬೇಕು. ಆರು ತಿಂಗಳ ಮೇಲಿನ ಕೆಲವು ಮಕ್ಕಳು ಸಿಟ್ಟು ಬಂದಾಗ ಉಸಿರು ಹೊರಬಿಟ್ಟು ಒಳಗೆ ಎಳೆದುಕೊಳ್ಳದೆ, ತುಟಿ ನೀಲಿಯಾಗಿ, ಕ್ಷಣಕಾಲ ಎಚ್ಚರ ತಪ್ಪುತ್ತವೆ. ಮಗು ಬೇಕೆಂದೇ ಹೀಗೆ ಮಾಡುವುದಿಲ್ಲ. ಬಾಯಲ್ಲಿ ಚಮಚ ಇಡದೆ, ಮುಖಕ್ಕೆ ನೀರು ಎರಚದೆ, ಅಲುಗಾಡಿಸದೆ, ಪಕ್ಕಕ್ಕೆ ಮಲಗಿಸಿದರೆ ಒಂದು ನಿಮಿಷದೊಳಗೆ ಉಸಿರು ತಾನಾಗಿ ಮರಳುತ್ತದೆ. ಮೊದಲ ಸಲ ಹೀಗಾದಾಗ ವೈದ್ಯರಿಗೆ ತೋರಿಸಿ ಮೂರ್ಛೆರೋಗವಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ರಕ್ತದ ಪರೀಕ್ಷೆಯನ್ನೂ ಮಾಡಿಸಬೇಕು. ಕಬ್ಬಿಣಾಂಶದ ಕೊರತೆಯಿರುವ ಮಕ್ಕಳಲ್ಲಿ ಈ ತೊಂದರೆ ಹೆಚ್ಚು. ಕೊರತೆ ತುಂಬಿದಾಗ ಕಡಿಮೆಯಾಗುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಆರು ತಿಂಗಳಿಂದ ಐದು ವರ್ಷದೊಳಗಿನ ನಮ್ಮ ದೇಶದ ಮಕ್ಕಳಲ್ಲಿ ಶೇಕಡಾ 67ರಷ್ಟು ರಕ್ತಹೀನತೆಯುಳ್ಳವರು. ರಕ್ತಹೀನತೆಯುಳ್ಳ ಕೂಸು ಸಿಡುಕುವುದೂ ಹೆಚ್ಚು, ಉಣ್ಣುವುದೂ ಕಡಿಮೆ. ಆಶಾ ಕಾರ್ಯಕರ್ತೆ ತಂದುಕೊಡುವ ಕಬ್ಬಿಣಾಂಶದ ಸಿರಪ್ಪನ್ನು ವಾರಕ್ಕೆ ಎರಡು ಸಲ ಒಂದೊಂದು ಮಿಲಿಲೀಟರ್ ಕುಡಿಸಬೇಕು. ಮಲ ಕಪ್ಪಾಗುವುದೆಂದು ಹೆದರಿ ಮಾಡಿನ ಮೇಲೆ ಇಟ್ಟುಬಿಡಬಾರದು.

ಎಲ್ಲ ಅಳುವನ್ನೂ ಸಿಟ್ಟೆಂದು ತಿಳಿದು ತಾಳ್ಮೆಯಿಂದ ಕುಳಿತಿರುವುದೂ ಅಪಾಯಕರವೇ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕೂ ಮೇಲ್ಪಟ್ಟ ಜ್ವರವಿದ್ದರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ನಡುನಡುವೆ ಮೊಣಕಾಲು ಹೊಟ್ಟೆಗೆ ಸೆಳೆದು ಚೀರಿ ಮತ್ತೆ ಬಸವಳಿದು ಬಿದ್ದರೆ, ನೆತ್ತಿ ಉಬ್ಬಿದ್ದರೆ, ತೊಡೆಸಂದಿಯಲ್ಲಿ ಗಟ್ಟಿ ಗಂಟು ಕಂಡರೆ, ಹಾಲೇ ಬೇಡವೆಂದರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಇವಾವುವೂ ಇಲ್ಲದೆ ಇದ್ದಕ್ಕಿದ್ದಂತೆ ಅಳುತ್ತಿದ್ದರೆ ಕುಲಾವಿ, ಕಾಲುಚೀಲ, ಬಟ್ಟೆಗಳನ್ನೆಲ್ಲ ಬಿಚ್ಚಿ, ದೀಪದ ಬೆಳಕಿನಲ್ಲಿ ಕೈಕಾಲಿನ ಒಂದೊಂದು ಬೆರಳನ್ನೂ ಬಿಡಿಸಿ ನೋಡಿರಿ. ಬಾಣಂತಿಯ ಉದುರಿದ ಕೂದಲೆಳೆ ಕಾಲ್ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು, ಬೆರಳು ಕೆಂಪಗೆ ಊದಿ, ಅದರ ನೋವಿಗೆ ಕೂಸು ರಾತ್ರಿಯಿಡೀ ಕೂಗುವುದುಂಟು.