ಕೂರಿಗೆಯೂ ಬಹುಮಾನವೂ

ಕಾರಹುಣ್ಣಿಮೆ ಕಳೆದು ನಮ್ಮ ಅಬ್ಬೆತುಮಕೂರಿನ ಹೊಲಗಳಿಗೆ ಕೂರಿಗೆ ಇಳಿಯುವುದನ್ನು ನಾವು ಬಾಲ್ಯದಿಂದಲೂ ನೋಡುತ್ತ ಬಂದಿರುವೆವು. ಎತ್ತುಗಳ ಹಿಂದೆ ಗಂಡಸು ಕೂರಿಗೆಯನ್ನು ಹಿಡಿದು ನಡೆಯುವನು. ಉಡಿಯಲ್ಲಿ ತೊಗರಿಬೀಜವನ್ನು ಕಟ್ಟಿಕೊಂಡ ಹೆಂಗಸು ಬಟ್ಟಲಿಗೆ ಕಾಳನ್ನು ಬಿಡುತ್ತ ಬರುವಳು. ಆಕೆಯ ಮುಷ್ಟಿ ಸಡಿಲವಾದರೆ ಪೈರು ದಟ್ಟವಾಗುವುದು, ಬಿಗಿಯಾದರೆ ಸಾಲು ಬರಿದಾಗುವುದು. ವರ್ಷದ ಅನ್ನವೆಲ್ಲ ಹೀಗೆ ಒಬ್ಬ ತಾಯಿಯ ಬೆರಳಸಂದಿಯನ್ನು ಅವಲಂಬಿಸಿರುವುದೆಂಬುದನ್ನು ಪಟ್ಟಣದ ವಾಚಕರು ಯೋಚಿಸಿರಲಾರರು.

ಈ ಕೂರಿಗೆಯನ್ನು ತಿದ್ದಿ ರಾಷ್ಟ್ರದ ಸನ್ಮಾನಕ್ಕೆ ಪಾತ್ರರಾದವರೊಬ್ಬರು ನಮ್ಮ ಕನ್ನಡನಾಡಿನಲ್ಲಿಯೇ ಇರುತ್ತಾರೆ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ ನಡಕಟ್ಟಿನ ಎಂಬವರೇ ಆ ಮಹನೀಯರು. ಅಣ್ಣಿಗೇರಿಯೆಂದೊಡನೆ ನಮ್ಮಂಥ ಹಳೆಯ ಮೇಷ್ಟರಿಗೆ ಪಂಪನ ನೆನಪಾಗುವುದು ಸಹಜ. ಆದರೆ ರೈತರಿಗೆ ಆ ಊರು ‘ನಡಕಟ್ಟಿನ ಕೂರಿಗೆ’ಯಿಂದ ಪರಿಚಿತ. ಬೀಜವನ್ನೂ ಗೊಬ್ಬರವನ್ನೂ ಏಕಕಾಲದಲ್ಲಿ ಸಮನಾದ ಅಂತರದಲ್ಲಿ ಬಿತ್ತುವ ಯಂತ್ರವದು. ಹುಣಿಸೆಹಣ್ಣಿನಿಂದ ಬೀಜವನ್ನು ಬಿಡಿಸುವ ಯಂತ್ರವನ್ನೂ ಅವರು ನಿರ್ಮಿಸಿದರು. ಬಂಡೆಯ ಮೇಲೆ ಕುಳಿತು ಹುಣಿಸೆಯನ್ನು ಕುಟ್ಟಿ ಬೆರಳು ಜಜ್ಜಿಕೊಂಡ ಗೃಹಿಣಿಯರಿಗೆ ಅದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವರ ಮೊದಲ ಉಪಜ್ಞೆಯಂತೂ ವಿನೋದಕರವಾದುದು. ಬೆಳಗ್ಗೆ ಬೇಗನೆ ಏಳಲಾಗದೆ, ಗಡಿಯಾರದ ಗಂಟೆಯ ಕೀಲಿಗೆ ದಾರ ಕಟ್ಟಿ, ದಾರದ ತುದಿಗೆ ನೀರಿನ ಸೀಸೆಯನ್ನು ಸೇರಿಸಿದರಂತೆ. ಗಂಟೆ ಬಾರಿಸಿದೊಡನೆ ಕೀಲಿ ತಿರುಗಿ ಸೀಸೆಯು ಮಗುಚಿ ಮುಖದ ಮೇಲೆ ನೀರು ಬೀಳುತ್ತಿತ್ತು! ಆದರೆ ಮುಂದಿನ ಪ್ರಯೋಗಗಳು ನಗೆಯ ಮಾತಾಗಿರಲಿಲ್ಲ. ಅವಕ್ಕಾಗಿ ಸಾಲದ ಹೊರೆಯನ್ನೂ ಹೊರಬೇಕಾಯಿತು. ೨೦೧೫ರಲ್ಲಿ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನದ ಜೀವಮಾನ ಪುರಸ್ಕಾರವು ಅವರಿಗೆ ದೊರೆಯಿತು. ೨೦೨೨ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಬಂದಿತು.

ಈ ಪ್ರತಿಷ್ಠಾನವು ೨೦೦೦ದಲ್ಲಿ ಕೇಂದ್ರ ಸರ್ಕಾರದ ನೆರವಿನಿಂದ ಸ್ಥಾಪಿತವಾದುದು. ಅದರ ಹಿಂದೆ ಅಹಮದಾಬಾದಿನ ಪ್ರಾಧ್ಯಾಪಕ ಅನಿಲ ಗುಪ್ತರು ಕಟ್ಟಿದ ‘ಹನಿ ಬೀ’ ಎಂಬ ಜಾಲವಿದೆ. ಹೂವಿಗೆ ನೋವಾಗದಂತೆ ಜೇನ್ನೊಣವು ಮಧುವನ್ನು ಸಂಗ್ರಹಿಸುವಂತೆ, ಹಳ್ಳಿಗರ ಜ್ಞಾನವನ್ನು ಅವರ ಹೆಸರಳಿಯದಂತೆ ಸಂಗ್ರಹಿಸಬೇಕೆಂಬುದು ಅದರ ತತ್ತ್ವ. ನಮ್ಮ ಹಿರಿಯರು ಮಧುಕರವೃತ್ತಿಯೆಂದು ಕರೆದುದು ಇದನ್ನೇ ಅಲ್ಲವೆ?

ಬಹುಮಾನವನ್ನೊಡ್ಡಿ ಯುಕ್ತಿಯನ್ನು ಹೊರಗೆಳೆಯುವ ಕ್ರಮವು ಹೊಸತೇನೂ ಅಲ್ಲ. ಫ್ರಾನ್ಸ್ ದೇಶದ ಸರ್ಕಾರವು ೧೮೧೦ರಲ್ಲಿ ಆಪೇರ್ ಎಂಬ ಮಿಠಾಯಿಗಾರನಿಗೆ, ಗಾಜಿನ ಸೀಸೆಗಳಲ್ಲಿ ಆಹಾರವನ್ನು ಮುಚ್ಚಿ ಕುದಿಸಿ ಬಹುಕಾಲ ಕೆಡದಂತಿಡುವ ವಿಧಾನಕ್ಕಾಗಿ ೧೨,೦೦೦ ಫ್ರಾಂಕುಗಳನ್ನು ಕೊಟ್ಟಿತು. ಗುಟ್ಟನ್ನು ಪುಸ್ತಕರೂಪದಲ್ಲಿ ಲೋಕಕ್ಕೆ ತಿಳಿಸಬೇಕೆಂಬುದೇ ನಿಬಂಧನೆ. ಇಂಗ್ಲೆಂಡಿನ ಪಾರ್ಲಿಮೆಂಟು ೧೭೧೪ರಲ್ಲಿ, ಸಮುದ್ರದ ಮೇಲೆ ರೇಖಾಂಶವನ್ನು ನಿರ್ಣಯಿಸುವ ಉಪಾಯಕ್ಕೆ ೨೦,೦೦೦ ಪೌಂಡುಗಳವರೆಗೆ ಬಹುಮಾನವನ್ನು ಸಾರಿತು. ಅದಕ್ಕೆ ಬೇಕಾದ ಗಡಿಯಾರವನ್ನು ನಿರ್ಮಿಸಿದವನು ಹ್ಯಾರಿಸನ್ ಎಂಬ ಬಡಗಿ. ಅವನು ಕಂತುಕಂತಾಗಿ ಹಣ ಪಡೆದು, ಕೊನೆಯ ದೊಡ್ಡ ಮೊತ್ತವು ಕೈಸೇರಿದ ೧೭೭೩ರಲ್ಲಿ ಎಂಬತ್ತರ ಮುದುಕನಾಗಿದ್ದನು. ಮುಪ್ಪಿನಲ್ಲಿ ಹೊದಿಸುವ ಶಾಲಿಗಿಂತ ಕೆಲಸ ನಡೆದಿರುವಾಗ ಕೊಡುವ ಕಬ್ಬಿಣದ ತುಂಡು ಮೇಲೆಂದು ನಮ್ಮ ಮತ.

ಈ ದೃಷ್ಟಿಯಿಂದ ‘ಇನ್‌ಸ್ಪೈರ್-ಮಾನಕ್’ ಎಂಬ ಯೋಜನೆಯು ನಮಗೆ ಹೆಚ್ಚು ಮೆಚ್ಚಿಕೆಯಾದುದು. ಶಾಲೆಯು ತನ್ನ ಮಕ್ಕಳ ಸ್ವಂತ ಕಲ್ಪನೆಗಳಲ್ಲಿ ಐದನ್ನು ಆರಿಸಿ ಕಳುಹಿಸಬಹುದು. ಆಯ್ಕೆಯಾದ ಮಗುವಿಗೆ ಮಾದರಿಯನ್ನು ನಿರ್ಮಿಸಲು ೧೦,೦೦೦ ರೂಪಾಯಿ ದೊರೆಯುವುದು. ಮೊತ್ತವು ಅಲ್ಪವಾದರೂ ಅದು ಬರುವುದು ಕೆಲಸಕ್ಕೆ ಮುಂಚೆ.

ಇಲ್ಲಿ ನಮ್ಮ ತಪ್ಪೊಂದನ್ನು ಮುಚ್ಚಿಡಲಾರೆವು. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮ ತರಗತಿಯ ಹುಡುಗನೊಬ್ಬನು ಎಣ್ಣೆಯ ಡಬ್ಬಿಗೆ ಸೈಕಲ್ಲಿನ ಸರಪಳಿಯನ್ನು ಜೋಡಿಸಿ, ಗಾಲಿ ತಿರುಗಿದಂತೆಲ್ಲ ಎರಡೆರಡೇ ಕಾಳು ಉದುರುವಂತೆ ಮಾಡಿ ತಂದನು. ತಾಯಿಯ ಸೊಂಟನೋವನ್ನು ನೋಡಿ ಹೂಡಿದ ಉಪಾಯವೆಂದನು. ಅಂದು ಅವನಿಗೆ ರಾಮಶಬ್ದದ ವಿಭಕ್ತಿಗಳು ಬಾಯಿಗೆ ಬಂದಿರಲಿಲ್ಲ. ನಾವು ಡಬ್ಬಿಯನ್ನು ಹೊರಗಿರಿಸಿ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆವು. ಮರುವರ್ಷ ಮಳೆ ಕೈಕೊಟ್ಟಿತು. ಆ ಮನೆಯವರು ಗುಳೆ ಹೋದರು. ಹುಡುಗನು ಮುಂಬಯಿಯಲ್ಲಿ ಗಾರೆಕೆಲಸಕ್ಕೆ ಸೇರಿದನು.

ಕಳೆದ ಜಾತ್ರೆಯಲ್ಲಿ ಅವನೇ ನಮ್ಮನ್ನು ಗುರುತಿಸಿ ಕಾಲಿಗೆರಗಿದನು. ಈಗ ಊರಿಗೆ ಮರಳಿದ್ದಾನೆ. ಮಗಳು ಎಂಟನೆಯ ತರಗತಿ. ನಾವು ನಾಚಿಕೆಯಿಂದ ಆ ಡಬ್ಬಿಯ ಮಾತನ್ನೆತ್ತಿದೆವು. “ಇನ್ನಾ ಮಾಡದಾಗ ಅದರಿ ಸರ. ನಮ್ಮವ್ವ ಒಗಿಲಾಕ ಕೊಟ್ಟಿಲ್ಲ,” ಎಂದನು.

ಮುಖ್ಯೋಪಾಧ್ಯಾಯರನ್ನು ಕಂಡು ಮಾತನಾಡಿರುವೆವು. ಹುಡುಗಿಯು ತಂದೆಯ ಡಬ್ಬಿಯನ್ನು ಹಾಗೆಯೇ ಒಪ್ಪಿಸಲು ಒಲ್ಲಳು; ತೊಗರಿಗೂ ಹೆಸರಿಗೂ ಬೇರೆ ಬೇರೆ ರಂಧ್ರಗಳಿರಬೇಕೆಂದು ಅವಳ ವಾದ. ಅರ್ಜಿಯನ್ನು ಅವಳೇ ಬರೆಯುತ್ತಿರುವಳು. ಸರಪಳಿಗೆ ಹಿಡಿದ ತುಕ್ಕನ್ನು ಬಿಡಿಸಲು ಸೀಮೆಎಣ್ಣೆ ಹುಡುಕಿ ತರುವ ಕೆಲಸವು ನಮ್ಮ ಪಾಲಿಗೆ ಬಂದಿರುತ್ತದೆ.