ಗಾಯರಾಣದ ಹುಲ್ಲು ಹಾಗೂ ಅದರೊಳಗಿನ ಹುಳಗಳು

ಊರ ಗಾಯರಾಣವನ್ನೂ ಖಾಸಗಿ ಹುಲ್ಲುಬನ್ನಿಯನ್ನೂ ದನ ಮೇಯುವ ಪಾಳು ಭೂಮಿಯೆಂದಷ್ಟೇ ಭಾವಿಸುವದು ವಾಡಿಕೆಯಾಗಿದೆ. ಆದರೆ ಅಲ್ಲಿ ದನಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಸಂಖ್ಯೆಯ ಹುಳಗಳು ಬಾಳುತ್ತವೆ. ಅವುಗಳಲ್ಲಿ ಅನೇಕವು ಸುತ್ತಲಿನ ಹೊಲಗಳಲ್ಲಿ ಕೂಲಿಯಿಲ್ಲದೆ ದುಡಿಯುತ್ತವೆ. ಇಂಥ ಹುಳಗಳ ಉಳಿವು ಎರಡು ಸಂಗತಿಗಳನ್ನು ಅವಲಂಬಿಸಿದೆ. ಹುಲ್ಲನ್ನು ಮೇಯಿಸುವ ಮತ್ತು ಕೊಯ್ಯುವ ರೀತಿ ಒಂದು. ಹುಲ್ಲುಗಾವಲಿನ ಸುತ್ತಣ ಭೂಮಿಯ ಸ್ವರೂಪ ಎರಡನೆಯದು.

ಮೊದಲನೆಯದನ್ನು ವಿಚಾರಿಸುವಾ. ಹುಲ್ಲು ಎಲ್ಲೆಡೆ ಒಂದೇ ಎತ್ತರವಾಗಿದ್ದರೆ ಕೆಲವೇ ಜಾತಿಯ ಹುಳಗಳಿಗೆ ಅದು ಒಗ್ಗುವದು. ಎತ್ತರದ ಕರಡವು ಜೇಡಗಳಿಗೂ ದುಂಬಿಗಳಿಗೂ ಆಸರೆಯಾದರೆ, ಗಿಡ್ಡನೆಯ ಗರಿಕೆಯು ಬೇರೆ ಜಾತಿಯ ಮಿಡತೆಗಳಿಗೆ ಹಿತವಾಗುವದು. ಒಂಟಿಯಾಗಿ ಬಾಳುವ ಜೇನಿನ ಜಾತಿಗಳಲ್ಲಿ ಬಹಳಷ್ಟು ನೆಲದೊಳಗೆ ಬಿಲ ತೋಡುವವಾದ್ದರಿಂದ ಅವಕ್ಕೆ ಅಲ್ಲಲ್ಲಿ ಬರಿ ನೆಲವೂ ಬೇಕು. ದನಗಳನ್ನು ಮಿತಿಮೀರಿ ಮೇಯಿಸಿದರೆ ರುಚಿಯಾದ ಹುಲ್ಲು ನಾಶವಾಗಿ, ದನ ಮುಟ್ಟದ ಕಾಂಗ್ರೆಸ್ ಕಸವು ಹಬ್ಬುವದು. ಇಡೀ ಹುಲ್ಲನ್ನು ಒಂದೇ ವಾರದಲ್ಲಿ ಕೊಯ್ದರೆ ಹುಳಗಳಿಗೆ ಆಹಾರವೂ ಆಸರೆಯೂ ಒಮ್ಮೆಲೆ ತಪ್ಪುವವು. ಬೇಸಿಗೆಯಲ್ಲಿ ಬೆಂಕಿಯಿಟ್ಟರೆ ಕೂಳೆಯಲ್ಲಡಗಿದ ಮೊಟ್ಟೆ, ಕೋಶಗಳು ಸುಟ್ಟುಹೋಗುವವು. ಆದರೆ ಮೇಯಿಸುವದೇ ತಪ್ಪೆಂದು ತಿಳಿಯಬಾರದು. ಹದವಾಗಿ ಮೇಯುವ ದನಗಳು ಹುಲ್ಲಿನಲ್ಲಿ ಎತ್ತರ-ತಗ್ಗುಗಳನ್ನುಂಟುಮಾಡುತ್ತವೆ. ಅವುಗಳ ಸಗಣಿಯನ್ನು ಸಗಣಿಹುಳಗಳು ಮಣ್ಣೊಳಗೆ ಹೂಳಿ ನೆಲದ ಸತ್ವವನ್ನು ಹೆಚ್ಚಿಸುತ್ತವೆ.

ಎರಡನೆಯದು ಸುತ್ತಣ ಭೂಮಿ. ಹಾನಗಲ್ಲ ಹಾಗೂ ಹಿರೇಕೆರೂರ ತಾಲೂಕುಗಳು ಮಲೆನಾಡಿನ ಸೆರಗಿನಲ್ಲಿದ್ದು, ಅಲ್ಲಿ ಕೆರೆ, ಭತ್ತದ ಗದ್ದೆ, ಮಾವಿನ ತೋಪು, ಕುರುಚಲು ಕಾಡುಗಳು ನೆರೆಹೊರೆಯಾಗಿವೆ. ಶಿಗ್ಗಾಂವಿಯಿಂದ ಸವಣೂರಿನತ್ತ ಸಾಗಿದಂತೆ ಮಳೆ ಕಡಿಮೆಯಾಗಿ ಬಯಲು ಹೊಲಗಳು ಕಾಣುವವು. ಈಚಿನ ದಶಕಗಳಲ್ಲಿ ಈ ಸೀಮೆಯಲ್ಲೆಲ್ಲ ಗೋವಿನಜೋಳವು ವಿಶೇಷವಾಗಿ ಹಬ್ಬಿದೆ. ಒಂದೇ ಬೆಳೆಯ ನಡುವೆ ನಡುಗಡ್ಡೆಯಂತೆ ಉಳಿದ ಹುಲ್ಲುಗಾವಲಿನಲ್ಲಿ ಒಮ್ಮೆ ಅಳಿದ ಹುಳವು ಮತ್ತೆ ಬಂದು ಸೇರುವದು ಕಠಿಣ. ಜರ್ಮನಿ ದೇಶದ 150 ಹುಲ್ಲುಗಾವಲುಗಳಲ್ಲಿ 2008ರಿಂದ 2017ರ ವರೆಗೆ ನಡೆದ ಪರೀಕ್ಷೆಯಲ್ಲಿ ಕೀಟ, ಜೇಡ ಮೊದಲಾದವುಗಳ ಒಟ್ಟು ತೂಕವು ಶೇಕಡಾ 67ರಷ್ಟೂ ಜಾತಿಗಳ ಸಂಖ್ಯೆಯು ಶೇಕಡಾ 34ರಷ್ಟೂ ಇಳಿದದ್ದು ಕಂಡುಬಂದಿತು. ಸುತ್ತಲೂ ಉಳುವ ಭೂಮಿ ಹೆಚ್ಚಾಗಿದ್ದಲ್ಲಿ ಈ ಇಳಿತವು ಇನ್ನೂ ತೀವ್ರವಾಗಿತ್ತು. ಇದರಿಂದ ಒಬ್ಬನೇ ತನ್ನ ಹುಲ್ಲುಬನ್ನಿಯನ್ನು ಕಾಯ್ದರೆ ಸಾಲದು, ಊರೇ ಕಾಯಬೇಕೆಂಬದು ಸ್ಪಷ್ಟ.

ಇದರ ಬೆಲೆಯನ್ನು ಗೋವಿನಜೋಳದಲ್ಲಿಯೇ ಕಾಣಬಹುದು. ಅಮೇರಿಕಾ ಮೂಲದ ಸೈನಿಕ ಹುಳವು ಭಾರತದಲ್ಲಿ ಮೊಟ್ಟಮೊದಲು 2018ರ ಮೇ ತಿಂಗಳಲ್ಲಿ ಕಂಡುಬಂದದ್ದು ಹಿರೇಕೆರೂರಿಗೆ ನೆರೆಯದಾದ ಶಿವಮೊಗ್ಗ ಜಿಲ್ಲೆಯಲ್ಲಿ. ಕಡಜದ ಜಾತಿಯ ಅತಿ ಸಣ್ಣ ಹುಳಗಳು ಈ ಪೀಡೆಯ ಮೊಟ್ಟೆ ಹಾಗೂ ಮರಿಗಳೊಳಗೆ ತಮ್ಮ ಮೊಟ್ಟೆಯನ್ನಿಟ್ಟು ಅದನ್ನು ಕೊಲ್ಲುತ್ತವೆ. ಬಲಿತ ಕಡಜಕ್ಕಾದರೋ ಹೂವಿನ ಮಕರಂದವೇ ಆಹಾರ. ತುಂಬೆಯಂಥ ಹೂಗಿಡಗಳು ಒಡ್ಡಿನಲ್ಲಿಯೂ ಗಾಯರಾಣದಲ್ಲಿಯೂ ಇಲ್ಲವಾದರೆ ಈ ಮಿತ್ರರು ನಿಲ್ಲಲಾರರು. ಹಾನಗಲ್ಲಿನ ಮಾವಿನ ಹೂಗಳಿಗೆ ಪರಾಗವನ್ನು ಒಯ್ಯುವ ನೊಣ, ಜೇನುಗಳಿಗೂ ಇಂಥ ಎಡೆಗಳೇ ಆಸರೆ.

ಹುಲ್ಲಿನಲ್ಲಿ ಪೀಡೆಗಳೂ ಅಡಗಿರುತ್ತವೆಂಬ ರೈತರ ಆಕ್ಷೇಪವು ಸುಳ್ಳಲ್ಲ. ಭತ್ತದ ಹಾಲುಗಾಳನ್ನು ಹೀರುವ ತಿಗಣೆಯು ಬದುವಿನ ಹುಲ್ಲಿನಲ್ಲಿ ಬೆಳೆಯುವದು. ಆದುದರಿಂದ ಗದ್ದೆಯ ಬದುವಿನ ಹುಲ್ಲನ್ನು ಭತ್ತವು ತೆನೆ ಹಾಯುವ ಮುಂಚೆಯೇ ಕೊಯ್ಯತಕ್ಕದ್ದು. ಆದರೆ ಇದೇ ಕಾರಣಕ್ಕಾಗಿ ಗಾಯರಾಣವನ್ನು ಸುಡುವದು ಉಚಿತವಲ್ಲ.

ಗ್ರಾಮದ ಹಿರಿಯರೂ ಜಮೀನುದಾರರೂ ಕೆಳಗಿನ ಕ್ರಮಗಳನ್ನು ಅನುಸರಿಸುವದು ಹಿತಕರ:

1. ಗಾಯರಾಣವನ್ನು ಮೂರು ಪಾಲು ಮಾಡಿ, ಸರದಿಯಂತೆ ಒಂದು ಪಾಲಿಗೆ ಮಳೆಗಾಲದಲ್ಲಿ ದನ ಬಿಡದೆ ವಿಶ್ರಾಂತಿ ಕೊಡಬೇಕು.

2. ಹಸ್ತಾ, ಚಿತ್ತಾ ಮಳೆಗಳ ತರುವಾಯ ಹುಲ್ಲು ಕೊಯ್ಯುವಾಗ ಅಂಚಿನಲ್ಲಿ ಒಂದು ಪಟ್ಟಿಯನ್ನು ಕೊಯ್ಯದೆ ಬಿಡಬೇಕು; ಅದನ್ನು ವರ್ಷ ವರ್ಷವೂ ಬದಲಾಯಿಸಬೇಕು.

3. ಗಾಯರಾಣದಿಂದ ಹೊಲಗಳ ವರೆಗೆ ಒಡ್ಡು, ಬೇಲಿ, ಹಳ್ಳದ ದಂಡೆಗಳ ಹಸುರು ತುಂಡಾಗದಂತೆ ನೋಡಿಕೊಳ್ಳಬೇಕು.

4. ಹುಲ್ಲು ನೆಲದಲ್ಲಿ ನೀಲಗಿರಿಯನ್ನು ದಟ್ಟವಾಗಿ ನೆಡಬಾರದು, ಬೆಂಕಿಯನ್ನಂತೂ ಇಡಲೇಬಾರದು.

5. ದನಗಳಿಗೆ ಐವರ್‌ಮೆಕ್ಟಿನ್ ಜಂತುನಾಶಕವನ್ನು ಪಶುವೈದ್ಯರ ಸಲಹೆಯಂತೆ, ಅಗತ್ಯವಿದ್ದಾಗ ಮಾತ್ರ ಕೊಡಿಸಬೇಕು. ಅದರ ಅಂಶವು ಸಗಣಿಯಲ್ಲಿ ಉಳಿದು ಸಗಣಿಹುಳಗಳ ಮರಿಗಳನ್ನು ಕೊಲ್ಲುವದು.

ನೂರು ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೇವಿನ ಭೂಮಿಯಿರತಕ್ಕದ್ದೆಂದು ಕರ್ನಾಟಕ ಭೂಕಂದಾಯ ನಿಯಮಗಳು ಹೇಳುತ್ತವೆ. ಈ ಭೂಮಿಯನ್ನು ಒಮ್ಮೆ ರಂಟೆ ಹೊಡೆದು ಉತ್ತರೆ ಎರಡು ಮೂರು ಪೀಕು ಕೈಗೆ ಬಂದಾವು. ಆದರೆ ಹಳೆಯ ಹುಲ್ಲು, ಅದರ ಹೂ, ಅದರ ಹುಳಗಳು ಬಹುಕಾಲದ ವರೆಗೆ ಮರಳಿ ಬಾರವು. ಗಾಯರಾಣದ ಎಲ್ಲೆಯನ್ನು ಕಾಯುವ ಹಿರಿಯರು ಊರ ದನಗಳೊಂದಿಗೆ ಊರ ಬೆಳೆಯನ್ನೂ ಕಾಯ್ದಂತಾಗುವದು.